ತಾರಸಿಗೆ ಪ್ಲಾಸ್ಟಿಕ್ ಹುಲ್ಲು ಹಾಕಿಸ್ತೀರಾ? ಅಡ್ವಾನ್ಸ್ ಕೊಡೋ ಮುಂಚೆ ನೀರು ಸುರಿದು ನೋಡಿ

ಸಾಗರ: ಬೇಕರಿ ಮಹಡಿ, ಹೋಂ ಸ್ಟೇ, ಜಿಮ್, ಮನೆ ತಾರಸಿ... ಈಗ ಎಲ್ಲಿ ನೋಡಿದ್ರೂ ಕೃತಕ ಹುಲ್ಲಿನ ಹಾಸು. ನೀರು ಹಾಕೋದು ಬೇಡ, ಕತ್ತರಿಸೋದು ಬೇಡ, ಒಂದೆರಡು ದಿನದಲ್ಲಿ ತಾರಸಿ ಹಸಿರಾಗುತ್ತೆ. ಆದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆ ಜೂನ್‌ನಲ್ಲಿ ಹಿಡಿದ್ರೆ ಸೆಪ್ಟೆಂಬರ್‌ವರೆಗೂ ಬಿಡಲ್ಲ. ಶಿಕಾರಿಪುರ, ಭದ್ರಾವತಿ ಕಡೆ ಮಳೆ ಕಡಿಮೆ, ಬಿಸಿಲು ಜೋರು. ಎರಡಕ್ಕೂ ಲೆಕ್ಕ ಹಾಕದೆ ಹಾಸಿದ್ರೆ ದುಡ್ಡು ನೀರಲ್ಲಿ ಹೋಮ.

ಮುಖ್ಯವಾಗಿ ತಿಳಿಯಬೇಕಾದ ವಿಷಯ ಒಂದಿದೆ. ಹುಲ್ಲು ಹಾಸಿದ ಮಾತ್ರಕ್ಕೆ ತಾರಸಿ ಸೋರಲ್ಲ. ಆದ್ರೆ ಮೊದಲೇ ಇರೋ ಬಿರುಕು ಹುಲ್ಲಿನ ಅಡಿ ಮುಚ್ಚಿಹೋಗುತ್ತೆ. ಕಣ್ಣಿಗೆ ಬೀಳೋದು ಕೆಳಗಿನ ಅಂಗಡಿಯ ಸೀಲಿಂಗ್‌ನಲ್ಲಿ ತೇವ ಕಾಣಿಸಿಕೊಂಡಾಗ. ಕೆಳಗೆ ಬಟ್ಟೆ, ದಿನಸಿ, ಗೊಬ್ಬರ, ಅಡಿಕೆ ದಾಸ್ತಾನು ಇದ್ದರೆ ನಷ್ಟ ಹುಲ್ಲಿನ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ.

ಮೊದಲು ನೀರಿನ ಲೆಕ್ಕ

1 ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. 400 ಚದರ ಅಡಿ ತಾರಸಿ ಅಂದ್ರೆ ಸುಮಾರು 37 ಚದರ ಮೀಟರ್. ಮಲೆನಾಡಿನ ಮಳೆಗಾಲದಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿಯೋದು ಹೊಸದೇನಲ್ಲ. ಅಷ್ಟು ಸುರಿದ ದಿನ ಆ ತಾರಸಿಯಿಂದ 3,700 ಲೀಟರ್ ನೀರು ಇಳಿದು ಹೋಗಬೇಕು. ಹೋಗೋಕೆ ಒಂದೇ ಪೈಪ್ ಇದ್ದು, ಅದರ ಬಾಯಿಗೆ ಹುಲ್ಲು ಮುಚ್ಚಿದ್ರೆ ನೀರು ನಿಲ್ಲದೆ ಇನ್ನೇನಾಗುತ್ತೆ?

ಇಳಿಜಾರು 100ಕ್ಕೆ 1ರ ಲೆಕ್ಕದಲ್ಲಿ ಇರಬೇಕು. ಅಂದ್ರೆ 10 ಅಡಿಗೆ ಸುಮಾರು ಒಂದೂಕಾಲು ಇಂಚು ಇಳಿಕೆ. ಪರೀಕ್ಷೆ ಸುಲಭ. ನಾಲ್ಕೈದು ಬಕೆಟ್ ನೀರು ಸುರಿದು ಅರ್ಧ ಗಂಟೆ ಬಿಟ್ಟು ನೋಡಿ. ನೀರು ನಿಂತಿರೋ ಗುಂಡಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಆ ಜಾಗ ಸಿಮೆಂಟ್‌ನಲ್ಲಿ ಸರಿ ಮಾಡಿಸಿದ ಮೇಲೇ ಮುಂದಿನ ಮಾತು.

ಸೋರಿಕೆ ಪರೀಕ್ಷೆಗೆ ಪೈಪ್ ಬಾಯಿ ಮುಚ್ಚಿ ಒಂದಿಂಚು ನೀರು 24 ಗಂಟೆ ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಬೇಕು. ಇದು ಆರ್‌ಸಿಸಿ ತಾರಸಿಗೆ ಮಾತ್ರ. ಕಟ್ಟಡ ಹಳೇದಾಗಿದ್ರೆ ಎಂಜಿನಿಯರ್ ಒಬ್ಬರನ್ನು ಕೇಳದೆ ನೀರು ನಿಲ್ಲಿಸಬೇಡಿ. ವಾಟರ್‌ಪ್ರೂಫಿಂಗ್ ಮಾಡಿಸೋದಿದ್ರೆ ಹುಲ್ಲಿಗಿಂತ ಮೊದಲೇ ಆಗಬೇಕು. ಆಮೇಲೆ ಮಾಡಿಸೋದು ಅಂದ್ರೆ ಹಾಸಿದ್ದೆಲ್ಲ ಕೀಳಬೇಕು.

ಭಾರ ತಡೆಯುತ್ತಾ?

ಜನ ಓಡಾಡುವ ತಾರಸಿಗೆ ಐಎಸ್ 875 ಮಾನದಂಡದ ಪ್ರಕಾರ ಚದರ ಮೀಟರ್‌ಗೆ ಸುಮಾರು 150 ಕೆಜಿ ಬಳಕೆ ಭಾರ ಹಿಡಿಯುತ್ತಾರೆ. ಅಂದ್ರೆ ಚದರ ಅಡಿಗೆ 14 ಕೆಜಿ. ಕೃತಕ ಹುಲ್ಲು ಚದರ ಮೀಟರ್‌ಗೆ ಎರಡು ಮೂರು ಕೆಜಿ ಅಷ್ಟೆ. ಹಾಗಾಗಿ ಹುಲ್ಲಿನದ್ದು ಚಿಂತೆ ಇಲ್ಲ. ನಿಜವಾದ ಹುಲ್ಲು ಬೆಳೆಸ್ತೀನಿ ಅಂತ ಅರ್ಧ ಅಡಿ ಮಣ್ಣು ಹಾಕಿದ್ರೆ, ನೆನೆದ ಮಣ್ಣೇ 200 ಕೆಜಿ ದಾಟುತ್ತೆ.

ಭಾರ ಬರೋದು ಹುಲ್ಲಿನ ಜೊತೆಗೆ ಬರುವ ಸಿಮೆಂಟ್ ಕುಂಡ, ಕಲ್ಲು ಬೆಂಚು, ಉಯ್ಯಾಲೆ, ನೀರಿನ ಕಾರಂಜಿಯಿಂದ. ಇವನ್ನೆಲ್ಲ ತಾರಸಿ ನಡುವೆ ಇಡದೆ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಇಡಬೇಕು.

ಬಿಸಿಲಲ್ಲಿ ಕಾಲಿಡೋಕಾಗಲ್ಲ

ನಿಜವಾದ ಹುಲ್ಲು ನೀರಾವಿ ಬಿಟ್ಟು ತಂಪಾಗಿರುತ್ತೆ. ಪ್ಲಾಸ್ಟಿಕ್ ಹುಲ್ಲಿಗೆ ಆ ಗುಣ ಇಲ್ಲ. ಏಪ್ರಿಲ್ ಮಧ್ಯಾಹ್ನದ ನೇರ ಬಿಸಿಲಿಗೆ ಅದರ ಮೈ 60 ಡಿಗ್ರಿ ದಾಟಬಹುದು. ಮಕ್ಕಳು ಬರಿಗಾಲಲ್ಲಿ ಓಡಿದ್ರೆ ಪಾದ ಸುಡುತ್ತೆ. ನೀರು ಚಿಮುಕಿಸಿದ್ರೆ ತಣ್ಣಗಾಗುತ್ತೆ, ಆದ್ರೆ ಸ್ವಲ್ಪ ಹೊತ್ತಿಗೆ ಮತ್ತೆ ಕಾಯುತ್ತೆ. ಸಂಜೆ ಮಾತ್ರ ಬಳಸೋದಾದ್ರೆ ತೊಂದರೆ ಇಲ್ಲ. ಹಗಲೂ ಬಳಸೋದಾದ್ರೆ ಶೇಡ್ ನೆಟ್ ಅಥವಾ ಶೀಟಿನ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ. ಮನೆ ತಂಪಾಗಲಿ ಅನ್ನೋದೊಂದೇ ಉದ್ದೇಶವಾದ್ರೆ ಹುಲ್ಲಿಗಿಂತ ಬಿಸಿಲು ಹಿಂದಕ್ಕೆ ತಳ್ಳುವ ಬಿಳಿ ಪೇಂಟ್ ಒಳ್ಳೆಯದು.

ಎದುರಿನ ಕಾಂಪ್ಲೆಕ್ಸ್‌ನ ಹೊಳೆಯುವ ಗಾಜಿನಿಂದ ಬಿಸಿಲು ಒಂದೇ ಕಡೆ ಬೀಳ್ತಿದ್ರೆ ಅಲ್ಲಿ ಹುಲ್ಲು ಕರಗಿ ಮುದುಡುವ ಸಾಧ್ಯತೆಯೂ ಇದೆ.

ಅಳತೆಯಲ್ಲೇ ಉಳಿತಾಯ

ಹುಲ್ಲಿನ ರೋಲ್ ಸಾಮಾನ್ಯವಾಗಿ 2 ಮೀಟರ್, ಅಂದ್ರೆ ಸುಮಾರು ಆರೂವರೆ ಅಡಿ ಅಗಲ ಇರುತ್ತೆ. ದರ ಚದರ ಅಡಿ ಲೆಕ್ಕದಲ್ಲಿ. ಕತ್ತರಿಸಿ ಉಳಿದ ತುಂಡಿಗೂ ನೀವೇ ದುಡ್ಡು ಕೊಡಬೇಕು.

ಉದಾಹರಣೆಗೆ, 20 ಅಡಿ ಉದ್ದ, 18 ಅಡಿ ಅಗಲದ ತಾರಸಿ ಇದೆ ಅಂದುಕೊಳ್ಳಿ. ಬೇಕಿರೋದು 360 ಚದರ ಅಡಿ. ರೋಲನ್ನು 20 ಅಡಿ ಉದ್ದಕ್ಕೆ ಬಿಚ್ಚಿದ್ರೆ 3 ಪಟ್ಟಿ ಸಾಕು, ಒಟ್ಟು 390 ಚದರ ಅಡಿ. ಅದೇ ರೋಲನ್ನು 18 ಅಡಿ ಕಡೆಗೆ ಬಿಚ್ಚಿದ್ರೆ 3 ಪಟ್ಟಿಗೆ ಹತ್ತೊಂಬತ್ತೂವರೆ ಅಡಿ ಮುಗಿಯುತ್ತೆ. ಉಳಿದ ಅರ್ಧ ಅಡಿಗೋಸ್ಕರ ನಾಲ್ಕನೇ ಪಟ್ಟಿ ತಗೊಂಡ್ರೆ 468 ಚದರ ಅಡಿ ಆಗುತ್ತೆ.

ಆದ್ರೆ ಆ ಅರ್ಧ ಅಡಿಯನ್ನು ನೀರಿನ ಪೈಪ್ ಇರುವ ಕಡೆ ಖಾಲಿ ಬಿಟ್ಟರೆ? 351 ಚದರ ಅಡಿಯಲ್ಲಿ ಕೆಲಸ ಮುಗಿಯುತ್ತೆ, ನೀರಿಗೂ ದಾರಿ ಸಿಗುತ್ತೆ, ಪೈಪ್ ಬಾಯಿ ಕ್ಲೀನ್ ಮಾಡೋಕೂ ಸುಲಭ. ಮೊದಲು ಹಾಳೆ ಮೇಲೆ ತಾರಸಿ ಚಿತ್ರ ಬರೆದು ಟ್ಯಾಂಕ್, ಸೋಲಾರ್, ಮೆಟ್ಟಿಲು, ಪೈಪ್ ಎಲ್ಲಾ ಗುರುತು ಮಾಡಿ. ಆಮೇಲೆ ಅಂಗಡಿಗೆ ಹೋಗಿ.

ಯಾವ ಹುಲ್ಲು?

ಎತ್ತರ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋದು ತಪ್ಪು. ಮಾರುಕಟ್ಟೆಯಲ್ಲಿ 25, 35, 40, 50 ಮಿಲಿಮೀಟರ್ ಎತ್ತರದ್ದು ಸಿಗುತ್ತೆ. ಕುರ್ಚಿ ಮೇಜು ಹಾಕೋ ಕಡೆ 25ರಿಂದ 35 ಸಾಕು. ಎತ್ತರದ್ದು ಬೇಗ ಮಲಗುತ್ತೆ, ನೀರೂ ಕಸವೂ ಹೆಚ್ಚು ಹಿಡಿಯುತ್ತೆ. ಎತ್ತರಕ್ಕಿಂತ ಒತ್ತು ಮುಖ್ಯ. ಕೈಯಲ್ಲಿ ಎಳೆ ಬಿಡಿಸಿ ನೋಡಿ, ತಳ ಢಾಳಾಗಿ ಕಂಡ್ರೆ ಅದು ತೆಳು ಮಾಲು. ತಳದಲ್ಲಿ ನೀರು ಇಳಿಯೋ ತೂತು ಇರಲೇಬೇಕು. ಒಳಾಂಗಣದ ಮಾಲು ತಾರಸಿಗೆ ಆಗಲ್ಲ. ಬಿಸಿಲು ತಡೆಯುವ ಯುವಿ ರಕ್ಷಣೆ ಇದೆ ಅನ್ನೋದು, ವಾರಂಟಿ ಎಷ್ಟು ವರ್ಷ ಅನ್ನೋದು ಬಿಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ವಾರಂಟಿ ನಡೆಯಲ್ಲ.

ಹಾಸುವಾಗ ಮೊಳೆ ಬೇಡ

ತಾರಸಿಗೆ ಮೊಳೆ, ಸ್ಕ್ರೂ ಹೊಡೆದ್ರೆ ವಾಟರ್‌ಪ್ರೂಫಿಂಗ್‌ಗೆ ನೀವೇ ತೂತು ಕೊರೆದಂಗೆ. ಸರಿಯಾದ ಕ್ರಮ ಹೀಗಿದೆ:

• ತಾರಸಿ ಗುಡಿಸಿ, ತೊಳೆದು, ಪೂರ್ತಿ ಒಣಗಿಸಬೇಕು.
• ಹುಲ್ಲಿನ ಕೆಳಗೆ ನೀರು ಹರಿಯಲು ಉಬ್ಬುತಗ್ಗಿನ ಡ್ರೈನೇಜ್ ಮ್ಯಾಟ್ ಅಥವಾ ಜೋಡಿಸುವ ಪ್ಲಾಸ್ಟಿಕ್ ಟೈಲ್ ಹಾಕಬೇಕು. ಮಲೆನಾಡಲ್ಲಿ ಇದನ್ನು ಬಿಡಲೇಬೇಡಿ.
• ರೋಲ್ ಬಿಚ್ಚಿ ಕೆಲ ಗಂಟೆ ಬಿಸಿಲಿಗೆ ಹಾಕಿದ್ರೆ ಮಡಿಕೆ ಹೋಗುತ್ತೆ.
• ಎಲ್ಲಾ ಪಟ್ಟಿಗಳ ಎಳೆಯೂ ಒಂದೇ ದಿಕ್ಕಿಗೆ ಬಾಗಿರಬೇಕು. ಇಲ್ಲಾಂದ್ರೆ ಒಂದು ಪಟ್ಟಿ ಕಡುಹಸಿರು, ಇನ್ನೊಂದು ತಿಳಿಹಸಿರು ಕಾಣುತ್ತೆ.
• ಜಾಯಿಂಟ್‌ಗೆ ಅಡಿಯಿಂದ ಟೇಪ್ ಮತ್ತು ಅಂಟು. ಗಾಳಿಗೆ ಏಳದಂತೆ ಸುತ್ತಲಿನ ಅಂಚು ಭದ್ರವಾಗಿರಬೇಕು.

ಒದ್ದೆ ನೆಲಕ್ಕೆ ಅಂಟು ಹಿಡಿಯಲ್ಲ. ಹಾಗಾಗಿ ಮಳೆಗಾಲದಲ್ಲಿ ಆಫರ್ ಇದೆ ಅಂತ ಹಾಕಿಸೋದು ಬೇಡ. ನವೆಂಬರ್ ನಂತರ, ಬೇಸಿಗೆ ಏರೋ ಮುಂಚಿನ ದಿನಗಳು ಒಳ್ಳೆಯದು.

ಅಂಗಡಿ, ಹೋಟೆಲ್‌ನವರು ಗಮನಿಸಿ

ಬಾಡಿಗೆ ಕಟ್ಟಡವಾದ್ರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ. ಸೋರಿಕೆ ಬಂದ್ರೆ ರಿಪೇರಿ ಯಾರದ್ದು ಅನ್ನೋದೂ ಅದರಲ್ಲೇ ಬರಲಿ. ತಾರಸಿಯಲ್ಲಿ ಗಿರಾಕಿಗಳನ್ನು ಕೂರಿಸೋದಾದ್ರೆ ಅದು ಕಟ್ಟಡದ ಬಳಕೆಯನ್ನೇ ಬದಲಿಸಿದಂತೆ. ಜನ ಸೇರುವ ಜಾಗಕ್ಕೆ ಭಾರದ ಲೆಕ್ಕವೂ ಜಾಸ್ತಿ. ಎಂಜಿನಿಯರ್ ಅಭಿಪ್ರಾಯ ಪಡೆದು, ಸ್ಥಳೀಯ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಬೇಕು.

ಪ್ಯಾರಪೆಟ್ ಗೋಡೆ ನೆಲದಿಂದ 1 ಮೀಟರ್‌ಗಿಂತ ಕಡಿಮೆ ಇರಬಾರದು. ಮರದ ಡೆಕ್, ಮ್ಯಾಟ್, ಹುಲ್ಲು ಎಲ್ಲಾ ಸೇರಿ ನೆಲ 4 ಇಂಚು ಮೇಲೆ ಬಂದ್ರೆ ಗೋಡೆ 4 ಇಂಚು ಗಿಡ್ಡ ಆದಂಗೆ. ಮಕ್ಕಳಿರೋ ಕಡೆ ಇದನ್ನು ಮರೆಯಬಾರದು.

ಇದ್ದಿಲು ಒಲೆ, ಸಿಗರೇಟ್, ಪಟಾಕಿ ಯಾವುದೂ ಹುಲ್ಲಿನ ಹತ್ತಿರ ಬೇಡ. ಇದು ಪ್ಲಾಸ್ಟಿಕ್. ಕಿಡಿ ಬಿದ್ದರೆ ಕರಗಿ ಕಲೆಯಾಗುತ್ತೆ, ಬೆಂಕಿಯೂ ಹಿಡಿಯಬಹುದು.

ಎಲ್ಲಿ ಬೇಡವೇ ಬೇಡ

ಅಡಿಕೆ, ಮೆಣಸು, ಹಪ್ಪಳ, ಸಂಡಿಗೆ ಒಣಗಿಸೋ ಜಾಗ ಬಿಟ್ಟುಬಿಡಿ. ಟ್ಯಾಂಕ್ ತುಂಬಿ ಚೆಲ್ಲುವ ಕಡೆ ಮತ್ತು ಸೋಲಾರ್ ಹೀಟರ್‌ನ ಕೆಳಗೂ ಹಾಸಬೇಡಿ, ಅಲ್ಲಿ ಪಾಚಿ ಗ್ಯಾರಂಟಿ. ತಾರಸಿ ನೀರನ್ನು ಸಂಪಿಗೆ ಇಳಿಸಿ ಬಳಸ್ತಿದ್ರೆ, ಉದುರಿದ ಪ್ಲಾಸ್ಟಿಕ್ ಎಳೆ ನೀರಿಗೆ ಸೇರುತ್ತೆ. ಹುಲ್ಲಿಲ್ಲದ ಭಾಗದ ನೀರನ್ನು ಮಾತ್ರ ಸಂಪಿಗೆ ಬಿಡಿ, ಫಿಲ್ಟರ್ ಇದ್ರೂ ಇದೇ ಕ್ಷೇಮ.

ಹಾಕಿದ ಮೇಲೂ ಕೆಲಸ ಇದೆ

ವಾರಕ್ಕೊಮ್ಮೆ ಗಟ್ಟಿ ಪೊರಕೆಯಲ್ಲಿ ಎಳೆ ಬಾಗಿದ್ದಕ್ಕೆ ಎದುರಾಗಿ ಗುಡಿಸಬೇಕು. ಮಳೆಗಾಲದಲ್ಲಿ ಬಿದ್ದ ಎಲೆ ಅವತ್ತವತ್ತೇ ತೆಗೆಯಬೇಕು. ನಾಯಿ ಇದ್ದರೆ ಮೂತ್ರದ ಜಾಗ ತೊಳೆಯದಿದ್ರೆ ವಾಸನೆ ಬಿಡಲ್ಲ. ಮೇ ಕೊನೆ ವಾರ ಒಂದು ಮೂಲೆ ಎತ್ತಿ ಅಡಿ ನೋಡಿ, ಪೈಪ್ ಬಾಯಿ ಬಿಡಿಸಿ. ದೀಪಾವಳಿ ಹೊತ್ತಿಗೆ ಮತ್ತೊಮ್ಮೆ ನೋಡಿ. ಇದಕ್ಕಾಗಿಯೇ ಒಂದು ಮೂಲೆಗೆ ಅಂಟು ಹಾಕದೆ, ಬಿಚ್ಚಿ ಮುಚ್ಚುವಂತೆ ಬಿಡೋಕೆ ಕೆಲಸಗಾರರಿಗೆ ಮೊದಲೇ ಹೇಳಿಡಿ.