ಬಂಡಿಗೂ ಬುತ್ತಿ ಬೇಕು

ದೂರದ ಊರಿಗೆ ಹೊರಟವರು ಬುತ್ತಿ ಕಟ್ಟಿಕೊಳ್ಳುವ ರೂಢಿ ನಮ್ಮ ಸೀಮೆಯಲ್ಲಿ ಇಂದಿಗೂ ಅಳಿದಿಲ್ಲ. ದಾರಿಯುದ್ದಕ್ಕೂ ಹೋಟೆಲುಗಳಿದ್ದರೂ ಮನೆಯ ಹಿರಿಯರು ರೊಟ್ಟಿ ಚಟ್ನಿಪುಡಿಗಳ ಗಂಟನ್ನು ಕೈಗಿತ್ತೇ ಕಳುಹಿಸುವರು. ಎತ್ತಿನ ಗಾಡಿಯ ಕಾಲದಲ್ಲಿ ಈ ಉಪಚಾರವು ಮನುಷ್ಯನಿಗೆ ಮಾತ್ರವಲ್ಲದೆ ಎತ್ತಿಗೂ ಗಾಡಿಗೂ ಸಲ್ಲುತ್ತಿತ್ತು. ಎತ್ತಿಗೆ ಹುಲ್ಲಿನ ಹೊರೆ. ಗಾಡಿಗೆ ಕೀಲೆಣ್ಣೆ, ಒಂದಿಷ್ಟು ಹಗ್ಗ, ಒಂದೆರಡು ಹೆಚ್ಚಿನ ಕಡಾಣಿ. ಚಕ್ರವು ಅಚ್ಚಿನಿಂದ ಕಳಚಿಕೊಳ್ಳದಂತೆ ಅಚ್ಚಿನ ತುದಿಯಲ್ಲಿ ಹಾಕುವ ಚಿಕ್ಕ ಕೀಲಿಗೆ ಕಡಾಣಿಯೆಂದು ಹೆಸರು. ಇಡೀ ಗಾಡಿಯಲ್ಲಿ ಅದಕ್ಕಿಂತ ಅಗ್ಗದ ವಸ್ತು ಇನ್ನೊಂದಿಲ್ಲ. ಆದರೆ ಅದೊಂದು ಉದುರಿ ಹೋದರೆ ಗಾಡಿ ಅಲ್ಲಿಯೇ ನಿಂತಿತು.

ಗಾಡಿ ಹೋಗಿ ಜೀಪು ಬಂದಿತು, ಟ್ರಾಕ್ಟರು ಬಂದಿತು. ಮಹೀಂದ್ರ ಸಂಸ್ಥೆಯವರು ಸ್ವಾತಂತ್ರ್ಯ ಬಂದ ಹೊಸದರಲ್ಲಿ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಆರಂಭಿಸಿದುದು ಈಗ ಇತಿಹಾಸ. ಇಂದು ಡಾಂಬರು ರಸ್ತೆಗಳು ಹೆಚ್ಚಿರುವುವು, ನಿಜ. ಆದರೂ ನಮ್ಮ ಚನ್ನರಾಯನದುರ್ಗದ ಕಡೆ ಡಾಂಬರು ಮುಗಿದ ಮೇಲೆಯೂ ಊರು ಮುಗಿಯುವುದಿಲ್ಲ. ಬೆಟ್ಟದ ತಪ್ಪಲಿನ ಹಟ್ಟಿಗಳಿಗೆ, ತೋಟದ ಮನೆಗಳಿಗೆ, ಕೆರೆಯ ಹಿಂದಿನ ಹೊಲಗಳಿಗೆ ಹೋಗಬೇಕಾದರೆ ಹಾಸುಬಂಡೆಯ ಮೇಲೆ, ಹಳ್ಳದ ಮರಳಿನಲ್ಲಿ, ಜಾಲಿಮುಳ್ಳಿನ ನಡುವೆ ಗಾಲಿ ಉರುಳಬೇಕು. ಇತ್ತೀಚೆಗೆ ಬೆಂಗಳೂರಿನಿಂದ ವಿನೋದಕ್ಕೆಂದು ದೊಡ್ಡ ಗಾಲಿಯ ವಾಹನಗಳಲ್ಲಿ ಬರುವವರೂ ಇಂಥ ದಾರಿಗಳನ್ನೇ ಹುಡುಕುವರು. ಅವರಿಗೆ ಅದು ಆಟ, ನಮಗೆ ನಿತ್ಯದ ಓಡಾಟ. ಆದರೆ ನಡುದಾರಿಯಲ್ಲಿ ಎಂಜಿನು ನಿಂತಾಗ ಇಬ್ಬರ ಸ್ಥಿತಿಯೂ ಒಂದೇ.

ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವರಿಗೆ ಬೆಲ್ಟು ಬೇರಿಂಗುಗಳ ಗೊಡವೆ ಏಕೆಂದು ಸಹಪಾಠಿಗಳು ನಗಬಹುದು. ಹಳ್ಳಿಯಿಂದ ಬಂದ ನಮ್ಮಲ್ಲಿ ಅನೇಕರು ಪುಸ್ತಕಕ್ಕಿಂತ ಮೊದಲು ಸ್ಪ್ಯಾನರು ಹಿಡಿದವರೆಂಬುದನ್ನು ಅವರಿಗೆ ನೆನಪಿಸಿದರೆ ಸಾಕು.

ಬಿಡಿಭಾಗಗಳನ್ನು ಒಯ್ಯುವುದೆಂದರೆ ಅಂಗಡಿಯನ್ನೇ ಹೊತ್ತುಕೊಂಡು ಹೋಗುವುದಲ್ಲ. ಭಾರ ಹೆಚ್ಚಿದಷ್ಟೂ ಕಮಾನುಪಟ್ಟಿಗಳು ಬಳಲುವುವು, ಗಾಲಿ ಮರಳಿನಲ್ಲಿ ಹೂಳುವುದು. ಬಿಡಿಭಾಗದ ಭಾರದಿಂದಲೇ ಇನ್ನೊಂದು ಭಾಗ ಮುರಿದರೆ ಆ ಜಾಣತನಕ್ಕೆ ಏನೆನ್ನೋಣ! ಆದುದರಿಂದ ಪ್ರತಿಯೊಂದು ವಸ್ತುವಿಗೂ ಮೂರು ಪ್ರಶ್ನೆಗಳನ್ನು ಹಾಕಬೇಕು. ಇದು ಕೆಟ್ಟರೆ ಬಂಡಿ ನಿಲ್ಲುವುದೆ? ದಾರಿಯಲ್ಲಿ ಇದಕ್ಕೆ ಬದಲಾಗಿ ತಂತಿಯೋ ಹಗ್ಗವೋ ಕೆಲಸಕ್ಕೆ ಬರುವುದೆ? ನಮ್ಮ ಕೈಯಲ್ಲಿರುವ ಸಲಕರಣೆಯಿಂದ ಮರದ ನೆರಳಿನಲ್ಲಿ ಕುಳಿತು ಇದನ್ನು ಹಾಕಬಹುದೆ? ಕೊನೆಯ ಪ್ರಶ್ನೆಯನ್ನು ಬಹುಮಂದಿ ಮರೆಯುವರು. ಹೊಸ ಬೇರಿಂಗನ್ನು ಕೊಂಡೊಯ್ದು, ಹಳೆಯದನ್ನು ಎಳೆದು ತೆಗೆಯುವ ಪುಲ್ಲರನ್ನು ಮನೆಯಲ್ಲಿ ಬಿಟ್ಟವರ ಕೈಯಲ್ಲಿ ಆ ಬೇರಿಂಗು ಒಂದು ಕಬ್ಬಿಣದ ಬಳೆಯಷ್ಟೆ.

ಹೀಗೆ ಜರಡಿ ಹಿಡಿದರೆ ಉಳಿಯುವುದು ಸ್ವಲ್ಪವೇ, ಅದೂ ಬಹುಪಾಲು ಅಗ್ಗದ ವಸ್ತುಗಳೇ: ಫ್ಯಾನ್ ಬೆಲ್ಟು, ರೇಡಿಯೇಟರಿನ ರಬ್ಬರು ಕೊಳವೆ ಮತ್ತು ಅದರ ಪಟ್ಟಿಗಳು, ಡೀಸೆಲ್ ಫಿಲ್ಟರು, ಫ್ಯೂಸು ಮತ್ತು ರಿಲೇಗಳು, ಕ್ಲಚ್ಚಿನ ತಂತಿ ಇರುವ ಬಂಡಿಯಾದರೆ ಆ ತಂತಿ, ಟ್ಯೂಬು, ಗಾಲಿಯ ನಟ್ಟುಗಳು, ಎಂಜಿನ್ ಎಣ್ಣೆ, ಕುಡಿಯುವ ನೀರಿಗೆ ಹೊರತಾದ ಹತ್ತು ಲೀಟರು ನೀರು. ಕಲ್ಲುದಾರಿಯಲ್ಲಿ ಓಡಾಡುವ ಬಂಡಿಗೆ ಕಮಾನುಪಟ್ಟಿಯ ಸೆಂಟರ್ ಬೋಲ್ಟನ್ನೂ ಸೇರಿಸುವೆನು. ‘ಪ್ಲೇಟು ಕಟ್ಟಾಯಿತು’ ಎಂಬ ಮಾತನ್ನು ಚಾಲಕರ ಬಾಯಲ್ಲಿ ಎಲ್ಲರೂ ಕೇಳಿರುವರು. ಆದರೆ ಪ್ಲೇಟುಗಳನ್ನು ಒಟ್ಟಿಗೆ ಹಿಡಿದು ಅಚ್ಚನ್ನು ಅದರ ಸ್ಥಾನದಲ್ಲಿ ನಿಲ್ಲಿಸುವುದು ಬೆರಳು ಗಾತ್ರದ ಈ ಬೋಲ್ಟು. ಅದು ತುಂಡಾದರೆ ಅಚ್ಚು ಓರೆಯಾಗಿ ಬಂಡಿ ಒಂದು ಮಗ್ಗುಲಿಗೆ ಎಳೆಯುವುದು. ಹಳೆಯ ಕಡಾಣಿಯ ಮೊಮ್ಮಗನೆಂದು ಇದನ್ನು ಕರೆಯಬಹುದು.

ಇಷ್ಟನ್ನು ಹೆಚ್ಚಿನ ಚಾಲಕರು ಬಲ್ಲರು. ಅವರು ಲಕ್ಷಿಸದಿರುವ ವಿಷಯ ಇನ್ನೊಂದಿದೆ. ಈ ಲೇಖನವನ್ನು ಬರೆಯಲು ಅದೇ ಕಾರಣ. ಪೆಟ್ಟಿಗೆಯಲ್ಲಿ ಬಿಡಿಭಾಗವಿದೆಯೆಂದ ಮಾತ್ರಕ್ಕೆ ಅದು ಕೆಲಸಕ್ಕೆ ಬರುವುದೆಂದು ಅರ್ಥವಲ್ಲ. ಓಡುವ ಭಾಗ ಸವೆಯುವಂತೆ ಸುಮ್ಮನೆ ಕುಳಿತ ಭಾಗವೂ ಸವೆಯುವುದು. ಕೆಲವೊಮ್ಮೆ ಅದೇ ಬೇಗ ಸವೆಯುವುದು.

ಎರಡು ವರ್ಷಗಳ ಹಿಂದೆ ಮಳೆಗಾಲದಲ್ಲಿ, ಬೆಟ್ಟದ ಹಿಂಬದಿಯ ಹಟ್ಟಿಯೊಂದರಿಂದ ಹೆರಿಗೆ ಬೇನೆಯಲ್ಲಿದ್ದ ಹೆಣ್ಣುಮಗಳೊಬ್ಬಳನ್ನು ನಮ್ಮ ಕಡೆಯ ಹಳೆಯ ಜೀಪೊಂದರಲ್ಲಿ ಕರೆತರುತ್ತಿದ್ದರು. 2008ರಿಂದ ನಮ್ಮ ರಾಜ್ಯದಲ್ಲಿ 108ರ ಆಂಬುಲೆನ್ಸ್ ಇದೆ. ಆ ದಿನವೂ ಕರೆಗೆ ಬಂದಿತ್ತು. ಆದರೆ ಹಳ್ಳ ದಾಟಿ ಹಟ್ಟಿಯವರೆಗೆ ಬರಲಾಗದೆ ಡಾಂಬರು ರಸ್ತೆಯಲ್ಲಿ ಕಾಯುತ್ತಿತ್ತು. ನಡುದಾರಿಯಲ್ಲಿ ಜೀಪಿನ ಫ್ಯಾನ್ ಬೆಲ್ಟು ಹರಿಯಿತು. ಹಳೆಯ ಜೀಪಿನಲ್ಲಿ ನೀರಿನ ಪಂಪು, ಫ್ಯಾನು, ಬ್ಯಾಟರಿಗೆ ವಿದ್ಯುತ್ ಕೊಡುವ ಯಂತ್ರ ಮೂರೂ ಆ ಒಂದು ಬೆಲ್ಟನ್ನೇ ನಂಬಿರುವುವು. ಚಾಲಕ ಗಾಬರಿಯಾಗಲಿಲ್ಲ. ಹೆಚ್ಚಿನ ಬೆಲ್ಟೊಂದನ್ನು ಆತ ಬಾನೆಟ್ಟಿನ ಒಳಗೇ ತಂತಿಯಿಂದ ಕಟ್ಟಿ ವರ್ಷಗಳಿಂದ ಇಟ್ಟುಕೊಂಡಿದ್ದ. ಅದನ್ನು ಬಿಚ್ಚಿ ಗಾಲಿಗಳಿಗೆ ಏರಿಸಿ ಬಿಗಿ ಮಾಡುತ್ತಿದ್ದಂತೆಯೇ ಒಣಗಿದ ಎಲೆಯಂತೆ ಬಿರಿದುಕೊಂಡಿತು. ಒಂದು ದಿನವೂ ತಿರುಗದ ಬೆಲ್ಟು, ಎಂಜಿನಿನ ಕಾವಿನಲ್ಲಿ ಬೆಂದು ಬೆಂದು ಸತ್ತಿತ್ತು. ಹೊಲದಿಂದ ಟ್ರಾಕ್ಟರು ತರಿಸಿ, ಹಗ್ಗ ಕಟ್ಟಿ ಎಳೆಸಿ ರಸ್ತೆ ಮುಟ್ಟುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ತಾಯಿ ಮಗು ಇಬ್ಬರೂ ಕ್ಷೇಮವಾಗಿ ಉಳಿದರು. ಆ ಒಂದು ಗಂಟೆಯನ್ನು ಹಟ್ಟಿಯವರು ಮರೆತಿಲ್ಲ.

ರಬ್ಬರಿಗೆ ಕಾವು, ಬಿಸಿಲು, ಎಣ್ಣೆ ಮೂರೂ ವೈರಿಗಳು. ಗಾಳಿಯಲ್ಲಿರುವ ಓಜೋನೂ ಅದನ್ನು ಬಿರಿಸುವುದು, ಅದರಲ್ಲಿಯೂ ಮಡಿಸಿ ಎಳೆತದಲ್ಲಿಟ್ಟ ರಬ್ಬರನ್ನು ಬೇಗ ಬಿರಿಸುವುದು. ಆದುದರಿಂದ ಬೆಲ್ಟನ್ನು ಮುರಿದು ಮಡಿಸದೆ ಸಡಿಲವಾಗಿ ಸುತ್ತಿ, ಬಟ್ಟೆಯ ಚೀಲದಲ್ಲಿಟ್ಟು, ಎಂಜಿನಿನಿಂದ ದೂರ ಇರಿಸಬೇಕು. ಇದಕ್ಕಿಂತಲೂ ಒಳ್ಳೆಯ ಉಪಾಯವೊಂದನ್ನು ಅನುಭವಿಗಳು ಪಾಲಿಸುವರು: ಹೊಸ ಬೆಲ್ಟು ಕೊಂಡೊಡನೆ ಅದನ್ನೇ ಬಂಡಿಗೆ ಹಾಕಿ, ಇನ್ನೂ ಗಟ್ಟಿಯಾಗಿರುವ ಹಳೆಯದನ್ನು ಪೆಟ್ಟಿಗೆಗೆ ಇಳಿಸುವುದು. ಹೀಗೆ ಮಾಡಿದರೆ ಹೊಸದರ ಅಳತೆ ಸರಿಯೆಂದು ಮನೆಯ ಅಂಗಳದಲ್ಲಿಯೇ ತಿಳಿಯುವುದು. ಹಳೆಯದಂತೂ ಈ ಬಂಡಿಗೆ ಒಗ್ಗುವುದೆಂದು ಮೊದಲೇ ಗೊತ್ತು. ಅಂಗಡಿಯವನು ಇದೇ ಮಾಡೆಲ್ಲಿನದೆಂದು ಕೊಟ್ಟ ಕೊಳವೆ ಅರ್ಧ ಇಂಚು ಗಿಡ್ಡವಾಗಿರುವುದನ್ನು ಕಾಡಿನಲ್ಲಿ ಕಂಡುಕೊಳ್ಳುವ ಭಾಗ್ಯ ಯಾರಿಗೂ ಬೇಡ.

ಟ್ಯೂಬಿನ ಕಥೆ ಬೇರೆ. ಅದನ್ನು ಕೊಲ್ಲುವುದು ಉಜ್ಜಾಟ. ಜಾಕು, ಸ್ಪ್ಯಾನರುಗಳ ಜೊತೆ ಪೆಟ್ಟಿಗೆಯಲ್ಲಿ ತುರುಕಿದ ಹೊಸ ಟ್ಯೂಬು ಕಲ್ಲುದಾರಿಯಲ್ಲಿ ದಿನವಿಡೀ ಕುಲುಕಿದರೆ, ಮಡಿಕೆಯ ಮೂಲೆಗಳಲ್ಲಿ ಸವೆದು ತೂತಾಗುವುದು. ಗಾಳಿಯನ್ನು ಪೂರ್ತಿ ತೆಗೆದು, ಮೈಗೆಲ್ಲ ಟಾಲ್ಕಂ ಪೌಡರು ಸವರಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಕಬ್ಬಿಣದಿಂದ ಬೇರೆಯಾಗಿಡಬೇಕು.

ಇನ್ನು ಧೂಳು. ನಮ್ಮ ಸೀಮೆಯ ಧೂಳನ್ನು ಎಲ್ಲ ಧೂಳಿನಂತೆ ಎಣಿಸಬಾರದು. ನಮ್ಮ ಜಿಲ್ಲೆಯನ್ನು ಉತ್ತರ ದಕ್ಷಿಣವಾಗಿ ಹಾದುಹೋಗುವ ಗ್ರಾನೈಟ್ ಶಿಲೆಯ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುವರು. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು. ಗ್ರಾನೈಟ್ ಶಿಥಿಲವಾದಾಗ ಅದರ ಉಳಿದ ಕಣಗಳು ಮಣ್ಣಾದರೂ ಬೆಣಚು ಮಾತ್ರ ಮರಳಾಗಿ ಉಳಿಯುವುದು. ಜರ್ಮನಿಯ ಖನಿಜತಜ್ಞ ಮೋಸ್ 1812ರಲ್ಲಿ ಏರ್ಪಡಿಸಿದ ಗಡಸುತನದ ಹತ್ತು ಮೆಟ್ಟಿಲುಗಳಲ್ಲಿ ಬೆಣಚಿನದು ಏಳನೆಯದು. ಸಾಮಾನ್ಯ ಉಕ್ಕು ಅದಕ್ಕಿಂತ ಮೃದು. ನಮ್ಮ ದಾರಿಯ ಧೂಳಿನಲ್ಲಿ ಹಾರುವುದು ಈ ಬೆಣಚಿನ ಪುಡಿಯೇ, ಎಂದರೆ ಕಣ್ಣಿಗೆ ಕಾಣದ ಅರಗಳು. ಗ್ರೀಸು ಹಚ್ಚಿ ತೆರೆದಿಟ್ಟ ಬೇರಿಂಗಿನ ಮೇಲೆ ಇದು ಕುಳಿತರೆ ಗ್ರೀಸೇ ಅರೆಯುವ ಹಿಟ್ಟಾಗುವುದು. ಬೇರಿಂಗನ್ನು ಕಾರ್ಖಾನೆಯವರು ಸುತ್ತಿಕೊಟ್ಟ ಎಣ್ಣೆಕಾಗದದಿಂದ ಬಿಚ್ಚಿ ನೋಡುವ ಚಾಪಲ್ಯ ಬೇಡ. ಬೆರಳಿನ ಬೆವರಿನ ಉಪ್ಪು ಕೂಡ ತುಕ್ಕಿಗೆ ಬೀಜವಾಗುವುದು. ಡೀಸೆಲ್ ಫಿಲ್ಟರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಂದಿನ ಕಾಮನ್ ರೈಲ್ ಎಂಜಿನುಗಳಲ್ಲಿ ಡೀಸೆಲ್ಲು 1,600 ಬಾರ್‌ಗೂ ಮೇಲ್ಪಟ್ಟ ಒತ್ತಡದಲ್ಲಿ ಅತಿ ಸೂಕ್ಷ್ಮವಾದ ರಂಧ್ರಗಳಿಂದ ಸಿಡಿಯುವುದು. ಅಲ್ಲಿಗೆ ಒಂದು ಚಿಟಿಕೆ ಮರಳು ಹೋದರೆ ಸಾವಿರಾರು ರೂಪಾಯಿಗಳ ನಷ್ಟ. ಫಿಲ್ಟರಿನ ಮೊಹರನ್ನು ಹಾಕುವ ಕ್ಷಣದಲ್ಲಿಯೇ ಒಡೆಯಬೇಕು, ಅದೂ ಕೈ ಒರೆಸಿಕೊಂಡು.

ಕುಲುಕಾಟದ ಹಾನಿ ಎಲ್ಲಕ್ಕಿಂತ ಗುಪ್ತವಾದುದು. 1930ರ ದಶಕದಲ್ಲಿ ಅಮೆರಿಕದಲ್ಲಿ ಹೊಸ ಮೋಟಾರುಗಳನ್ನು ರೈಲಿನ ಮೇಲೆ ದೂರದ ಊರುಗಳಿಗೆ ಕಳುಹಿಸಿದಾಗ, ಒಂದು ಮೈಲಿಯೂ ಓಡದ ಅವುಗಳ ಗಾಲಿಯ ಬೇರಿಂಗುಗಳು ಕೆಟ್ಟಿರುವುದು ಕಂಡುಬಂದಿತು. ಉರುಳುವ ಗುಂಡು ಒಂದೇ ಕಡೆ ನಿಂತು ಸಣ್ಣಗೆ ಅದುರುತ್ತಿದ್ದರೆ ಅದರಡಿಯ ಎಣ್ಣೆ ಜಾರಿ, ಉಕ್ಕಿಗೆ ಉಕ್ಕು ಉಜ್ಜಿ ಗುಳಿ ಬೀಳುವುದು. ಪೆಟ್ಟಿಗೆಯಲ್ಲಿಟ್ಟ ಬೇರಿಂಗಿನ ಮೇಲೆ ಬಂಡಿಯ ಭಾರವಿಲ್ಲವಾದುದರಿಂದ ಅಷ್ಟು ಹಾನಿಯಾಗದು. ಆದರೂ ಸುತ್ತಿಗೆಯ ಪಕ್ಕದಲ್ಲಿ ಎಗರಾಡುತ್ತ ಬಂದ ಬೇರಿಂಗನ್ನು ನಾನಂತೂ ನಂಬಲಾರೆ. ಮಲಗಿಸಿ, ಸುತ್ತಲೂ ಹಳೆಯ ಬಟ್ಟೆ ತುರುಕಿ, ಪೆಟ್ಟಿಗೆಯನ್ನು ಅಲ್ಲಾಡಿಸಿದರೆ ಸದ್ದೇ ಬಾರದಂತೆ ಕಟ್ಟಬೇಕು. ಹರಿದ ಲುಂಗಿಗೆ ಇದಕ್ಕಿಂತ ಘನವಾದ ಉಪಯೋಗ ನನಗೆ ತಿಳಿಯದು.

ತೇವದಿಂದಾಗುವ ಕೇಡಿಗೆ ದೂರದೇಶದ ಒಂದು ನಿದರ್ಶನವಿದೆ. ಮಾರ್ಗವಿಲ್ಲದ ನೆಲದಲ್ಲಿ ನಡೆಯುವ ಪಂದ್ಯಗಳಲ್ಲಿ ಡಕಾರ್ ಪಂದ್ಯವು ಅತಿ ಕಠಿಣವೆಂದು ಹೆಸರಾದುದು. 2015ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಅದನ್ನು ಪೂರೈಸಿದ ಮೊದಲ ಭಾರತೀಯರಾಗಿ 36ನೆಯ ಸ್ಥಾನ ಪಡೆದರು. ಆ ವರ್ಷ ಸವಾರರು ಬೊಲಿವಿಯಾದ ಉಯುನಿ ಎಂಬ ಉಪ್ಪಿನ ಬಯಲನ್ನು ಮಳೆನೀರಿನಲ್ಲಿಯೇ ದಾಟಬೇಕಾಯಿತು. ಉಪ್ಪುನೀರು ತಂತಿಗಳ ಜೋಡಣೆಗೆ ಹೊಕ್ಕು ಅನೇಕ ಮೋಟಾರ್ ಸೈಕಲ್ಲುಗಳು ಕೆಟ್ಟುವು. ಮುಂಚೂಣಿಯಲ್ಲಿದ್ದ ಸವಾರನೊಬ್ಬನ ಗೆಲುವು ಅಲ್ಲಿಯೇ ಕರಗಿಹೋಯಿತು. ನಮ್ಮಲ್ಲಿ ಉಪ್ಪಿನ ಬಯಲಿಲ್ಲದಿದ್ದರೂ ಮಳೆ ಬಂದ ದಿನ ಜಯಮಂಗಲಿಯಲ್ಲಿ ನೀರು ಇರುವುದು. ಫ್ಯೂಸು, ರಿಲೇ, ದೀಪಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಜೊತೆಗಿಟ್ಟರೆ ತೇವ ಹೀರುವುದು. ಬ್ರೇಕಿನ ದ್ರವವಂತೂ ಗಾಳಿಯ ತೇವವನ್ನು ತಾನೇ ಕುಡಿದುಬಿಡುವುದು. ತೇವ ಸೇರಿದಷ್ಟೂ ಅದು ಕಡಮೆ ಕಾವಿನಲ್ಲಿಯೇ ಕುದಿಯುವುದು. ಕುದಿದರೆ ಬೆಟ್ಟದ ಇಳಿಜಾರಿನಲ್ಲಿ ಪೆಡಲು ನೆಲಕ್ಕೆ ಹತ್ತುವುದು. ದೊಡ್ಡ ಶೀಸೆಯ ಅರ್ಧವನ್ನು ವರ್ಷಗಟ್ಟಲೆ ಇಡುವ ಬದಲು, ಒಡೆಯದ ಚಿಕ್ಕ ಶೀಸೆಯೊಂದನ್ನು ಒಯ್ಯುವುದು ಲೇಸು.

ಎಲ್ಲಿ ಇಡಬೇಕೆಂಬುದಕ್ಕೆ ಉತ್ತರ ಸುಲಭ: ಭಾರವಾದುದು ಕೆಳಗೆ, ಹಿಂದಿನ ಅಚ್ಚಿನ ಮುಂದೆ, ಬಿಗಿಯಾಗಿ ಕಟ್ಟಿ. ಮೇಲಿನ ಕ್ಯಾರಿಯರಿನಲ್ಲಿ ಕಬ್ಬಿಣ ಹೇರಿಕೊಂಡು ಬೆಟ್ಟದ ಓರೆಯಲ್ಲಿ ಹೋಗುವ ವಿನೋದಪ್ರಿಯರನ್ನು ಕಂಡಾಗ ನನಗೆ ಎದೆ ನಡುಗುವುದು. ಕಟ್ಟದ ಕಬ್ಬಿಣವೂ ಅಷ್ಟೇ ಅಪಾಯದ್ದು. ಗಂಟೆಗೆ 40 ಕಿಲೋಮೀಟರು ವೇಗದ ಬಂಡಿ ಬಂಡೆಗೆ ಬಡಿದು ಅರ್ಧ ಮೀಟರಿನಲ್ಲಿ ನಿಂತಿತೆನ್ನಿ; ಅದೇ ಅಂತರದಲ್ಲಿ ತಡೆಯಬೇಕಾದರೆ ಐದು ಕಿಲೋ ಜಾಕು ಆ ಕ್ಷಣದಲ್ಲಿ ಅರವತ್ತು ಕಿಲೋಗೂ ಮೀರಿದ ಭಾರದಂತೆ ಹಗ್ಗವನ್ನು ಎಳೆಯುವುದು. ಹಗ್ಗವೇ ಇಲ್ಲದಿದ್ದರೆ ಮುಂದಿನ ಆಸನದಲ್ಲಿ ಕುಳಿತವರ ಬೆನ್ನೇ ಅದಕ್ಕೆ ತಡೆ. ಸೈಕಲ್ಲಿನ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿ ಕಟ್ಟಲು ಅನುಕೂಲ. ಹಗ್ಗ ಕುಲುಕಿದಾಗ ಸಡಿಲವಾಗುವುದು, ರಬ್ಬರು ಹಿಡಿತ ಬಿಡುವುದಿಲ್ಲ.

ಪೆಟ್ಟಿಗೆಯ ಮುಚ್ಚಳದ ಒಳಮೈಗೆ, ಒಳಗೆ ಏನೇನಿದೆ, ಯಾವುದಕ್ಕೆ ಎಷ್ಟು ಅಳತೆಯ ಸ್ಪ್ಯಾನರು ಬೇಕು ಎಂಬ ಪಟ್ಟಿ ಅಂಟಿಸುವುದು ಒಳ್ಳೆಯದು. ರಾತ್ರಿಯ ಹೊತ್ತು ಚಾಲಕನೇ ಅಸ್ವಸ್ಥನಾಗಿ ಇನ್ನೊಬ್ಬರು ಹುಡುಕಬೇಕಾಗಿ ಬಂದರೆ ಅದರ ಬೆಲೆ ತಿಳಿಯುವುದು. ಪಟ್ಟಿಯನ್ನು ಕನ್ನಡದಲ್ಲಿಯೇ ಬರೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಪೆಟ್ಟಿಗೆಯನ್ನು ಪರೀಕ್ಷಿಸಲು ಹೊಸ ದಿನ ಗೊತ್ತುಮಾಡುವ ಅಗತ್ಯವೂ ಇಲ್ಲ. ಆಯುಧಪೂಜೆಯ ಹಿಂದಿನ ದಿನ ನಮ್ಮ ಕಡೆ ಜೀಪು, ಟ್ರಾಕ್ಟರು, ಸೈಕಲ್ಲುಗಳನ್ನೆಲ್ಲ ತೊಳೆಯುವರು. ಮರುದಿನ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣಿರಿಸಿ ಪೂಜಿಸುವರು. ಆಸನದ ಕೆಳಗಿನ ಪೆಟ್ಟಿಗೆಗೆ ಮಾತ್ರ ಯಾರೂ ಕೈಹಾಕುವುದಿಲ್ಲ. ಆ ದಿನ ಅದನ್ನು ಅಂಗಳದಲ್ಲಿ ಬರಿದು ಮಾಡಿ, ಬೆಲ್ಟನ್ನು ಬಗ್ಗಿಸಿ ಬಿರುಕು ನೋಡಿ, ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಅದ್ದಿ, ಬೋಲ್ಟುಗಳಿಗೆ ಎಣ್ಣೆ ಸವರಿ, ಬ್ರೇಕಿನ ಶೀಸೆಯ ತಾರೀಖು ಓದಿ ಮತ್ತೆ ಕಟ್ಟಿಡಲು ಅರ್ಧ ಗಂಟೆ ಹಿಡಿಯುವುದು. ಕುಂಕುಮದ ಬೊಟ್ಟೊಂದನ್ನು ಪೆಟ್ಟಿಗೆಗೂ ಇಡಬಹುದು.