ತೊಂಬತ್ತು ಎಂದರೆ ಯಾವ ಗಾಳಿ?

ಬೆಳಿಗ್ಗೆ ಫೋನಿನಲ್ಲಿ ಊರಿನ ವಾಯು ಗುಣಮಟ್ಟ ಸೂಚ್ಯಂಕ (ಎಕ್ಯುಐ) 90 ಎಂದು ತಿಳಿಹಸಿರು ಬಣ್ಣದಲ್ಲಿ ಕಂಡರೆ ಗಾಳಿ ಚೆನ್ನಾಗಿದೆ ಎಂದೇ ಬಹಳ ಜನ ನಂಬುತ್ತಾರೆ. ದೆಹಲಿಯ 400ರ ಪಕ್ಕದಲ್ಲಿಟ್ಟು ನೋಡಿದರೆ ಬೆಂಗಳೂರಿನವರಿಗೆ ಸಮಾಧಾನವಾಗುವುದೂ ಸಹಜ. ಆದರೆ ಈ 90 ಗಾಳಿಯಲ್ಲಿರುವ ಯಾವುದರ ಅಳತೆಯೂ ಅಲ್ಲ. 2015ರಲ್ಲಿ ಬಳಕೆಗೆ ಬಂದ ನಮ್ಮ ಸೂಚ್ಯಂಕ ಎಂಟು ಮಾಲಿನ್ಯಕಾರಕಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಒಂದೊಂದಕ್ಕೂ ಅಂಕ ಕೊಟ್ಟು, ಅವುಗಳಲ್ಲಿ ಯಾವುದು ಹೆಚ್ಚೋ ಅದನ್ನೇ ಆ ಮಾಪನ ಕೇಂದ್ರದ ಸೂಚ್ಯಂಕವೆಂದು ಹೇಳುತ್ತದೆ. ಘನ ಮೀಟರಿಗೆ 90 ಮೈಕ್ರೋಗ್ರಾಂ ಪಿಎಂ10 ಕಣಗಳಿದ್ದರೂ ಅಂಕ 90, ಪಿಎಂ2.5 ಎಂಬ ಇನ್ನೂ ಸಣ್ಣ ಕಣಗಳು ಬರೀ 54 ಇದ್ದರೂ ಅಂಕ 90. ಮೊದಲನೆಯದರಲ್ಲಿ ರಸ್ತೆಯ ದೂಳೇ ಹೆಚ್ಚಿರಬಹುದು, ಅದರ ಬಹುಪಾಲು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಎರಡನೆಯದು ತಲೆಗೂದಲ ದಪ್ಪದ ಇಪ್ಪತ್ತನೇ ಒಂದು ಪಾಲಿಗಿಂತ ಸಣ್ಣ ಕಣ, ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಅಂಕ ಒಂದೇ, ಉಸಿರಾಡುವ ಗಾಳಿ ಬೇರೆ.

ಅಳತೆಗೋಲಿನ ವಿಷಯವೂ ಇದೆ. ನಮ್ಮಲ್ಲಿ ಪಿಎಂ2.5ಕ್ಕೆ 24 ಗಂಟೆಗಳ ಮಿತಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಮ್ಮಲ್ಲಿ 'ತೃಪ್ತಿಕರ' ಎನಿಸಿಕೊಳ್ಳುವ ಅದೇ 54 ಅಮೆರಿಕದ ಸೂಚ್ಯಂಕದಲ್ಲಿ 140 ದಾಟುತ್ತದೆ. ಬಿಸಿಲು, ದೂಳಿನ ನಾಡಿಗೆ ಪರದೇಶದ ಕೋಲು ಏಕೆ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ: ಮಿತಿ ಹಾಕುವಾಗ ಸರ್ಕಾರಗಳು ಆರೋಗ್ಯದ ಜೊತೆಗೆ ಕೈಗೆಟಕುವುದನ್ನೂ ನೋಡಬೇಕಾಗುತ್ತದೆ. ಆದರೆ ಮಣ್ಣಿನ ದೂಳು ಬಹುಮಟ್ಟಿಗೆ ದಪ್ಪ ಕಣ. ಸಣ್ಣ ಕಣಗಳಲ್ಲಿ ಹೆಚ್ಚಿನವು ಡೀಸೆಲ್, ಕಲ್ಲಿದ್ದಲು, ಸೌದೆ, ಕಸ ಏನನ್ನಾದರೂ ಸುಟ್ಟಾಗ ಹುಟ್ಟಿದವು. ಅವನ್ನು ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. 'ತೃಪ್ತಿಕರ' ದಿನದಲ್ಲೂ ಸೂಕ್ಷ್ಮ ಆರೋಗ್ಯದವರಿಗೆ ಉಸಿರಾಟದ ಸಣ್ಣ ತೊಂದರೆ ಆಗಬಹುದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಿವರಣೆಯೇ ಹೇಳುತ್ತದೆ. ಫೋನಿನ ಬಣ್ಣ ನೋಡುವವರಿಗೆ ಆ ಸಾಲು ಕಾಣುವುದೇ ಇಲ್ಲ.

ಈ ಕಣಗಳು ಎಲ್ಲಿಂದ ಬಂದವು ಎಂಬುದನ್ನೂ ಮಾಪನ ಕೇಂದ್ರವೇ ಹೇಳುತ್ತದೆ ಎಂಬುದು ಇನ್ನೊಂದು ತಪ್ಪು ಗ್ರಹಿಕೆ. ಇಂಥ ಕೇಂದ್ರಗಳಲ್ಲಿ ಬಳಸುವ ಬೀಟಾ ಯಂತ್ರದೊಳಗೆ ಗಾಜಿನ ನಾರಿನ ಬಿಳಿ ಪಟ್ಟಿಯ ಸುರುಳಿ ಇರುತ್ತದೆ. ಎಳೆದುಕೊಂಡ ಗಾಳಿ ಅದರ ಮೂಲಕ ಹಾಯುವಾಗ ಬಟ್ಟಿನಂಥ ಬೂದು ಚುಕ್ಕೆ ಮೂಡುತ್ತದೆ, ಆಮೇಲೆ ಪಟ್ಟಿ ಮುಂದಕ್ಕೆ ಸರಿಯುತ್ತದೆ. ಚುಕ್ಕೆಯನ್ನು ದಾಟುವಾಗ ಬೀಟಾ ಕಿರಣ ಎಷ್ಟು ಕುಂದಿತು ಎಂಬುದರಿಂದ ಕಣಗಳ ತೂಕ ಸಿಗುತ್ತದೆ. ಸಿಗುವುದು ತೂಕ ಮಾತ್ರ. ಬಸ್ಸಿನ ಹೊಗೆಯೋ, ಕಸದ ಬೆಂಕಿಯೋ ಯಂತ್ರಕ್ಕೆ ತಿಳಿಯದು. ಮೂಲ ಹಿಡಿಯಲು ಬೇರೆ ಫಿಲ್ಟರುಗಳನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು. ಸಿಲಿಕಾನ್, ಅಲ್ಯುಮಿನಿಯಂ ಹೆಚ್ಚಿದ್ದರೆ ಮಣ್ಣು. ಲೆವೊಗ್ಲುಕೋಸಾನ್ ಎಂಬ ಸಂಯುಕ್ತ ಇದ್ದರೆ ಸುಟ್ಟದ್ದು ಸೌದೆ ಅಥವಾ ಕೃಷಿ ತ್ಯಾಜ್ಯ. ಕಪ್ಪು ಇಂಗಾಲ ಹೆಚ್ಚಿದ್ದರೆ ಡೀಸೆಲ್ ಮೇಲೆ ಮೊದಲ ಗುಮಾನಿ. ಬೆಂಗಳೂರೂ ಸೇರಿ ಆರು ನಗರಗಳಲ್ಲಿ ಮಂಡಳಿ ಇಂಥ ಅಧ್ಯಯನ ಮಾಡಿಸಿದ್ದಕ್ಕೆ ಕಾರಣವೇ ಇದು.

ಕಾರ್ಖಾನೆಯ ಚಿಮಣಿಯನ್ನು ಕಣ್ಣಲ್ಲಿ ನೋಡಿ ತೀರ್ಪು ಕೊಡುವುದೂ ಅಷ್ಟೇ ಅಪಾಯದ್ದು. ಕೂಲಿಂಗ್ ಟವರಿನ ದಟ್ಟ ಬಿಳಿ ಮೋಡ ಬಹುಪಾಲು ನೀರಾವಿ. ಕಲ್ಲಿದ್ದಲು ಸ್ಥಾವರದ ಚಿಮಣಿ ಸ್ವಚ್ಛವಾಗಿ ಕಂಡರೆ ವಿದ್ಯುತ್ ಶೋಧಕ ಬೂದಿಯನ್ನು ಹಿಡಿದಿದೆ ಎಂದಷ್ಟೇ ಅರ್ಥ. ಬಣ್ಣವಿಲ್ಲದ ಸಲ್ಫರ್ ಡೈಆಕ್ಸೈಡ್ ಅದರಿಂದ ನುಸುಳಿ, ನೂರಾರು ಕಿಲೋಮೀಟರ್ ಸಾಗುವಷ್ಟರಲ್ಲಿ ಸಲ್ಫೇಟ್ ಕಣವಾಗಿ ಬೇರೊಂದು ಊರಿನ ಪಿಎಂ2.5 ಲೆಕ್ಕಕ್ಕೆ ಸೇರುತ್ತದೆ.

ಇದೆಲ್ಲ ವಿಜ್ಞಾನಿಗಳ ಸೂಕ್ಷ್ಮ, ನಮಗೇಕೆ ಎನ್ನುವಂತಿಲ್ಲ. ಹಣ ಎಲ್ಲಿ ಖರ್ಚಾಗಬೇಕು ಎಂಬುದು ಇದರ ಮೇಲೇ ನಿಂತಿದೆ. 2019ರ ರಾಷ್ಟ್ರೀಯ ಶುದ್ಧ ವಾಯು ಯೋಜನೆಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿವೆ. ಅಲ್ಲಿ ಪ್ರಗತಿಯನ್ನು ಅಳೆಯುವುದು ಮುಖ್ಯವಾಗಿ ಪಿಎಂ10ರಿಂದ. ರಸ್ತೆ ಗುಡಿಸುವ ಯಂತ್ರ ತಂದು, ನೀರು ಚಿಮುಕಿಸಿದರೆ ಆ ಅಂಕ ಇಳಿಯಬಹುದು. ಬೀದಿ ಬದಿ ಉರಿಯುವ ಪ್ಲಾಸ್ಟಿಕ್ ಕಸದ ಹೊಗೆಗೆ, ಡೀಸೆಲ್ ಜನರೇಟರಿಗೆ ಆ ನೀರು ತಾಕುವುದೂ ಇಲ್ಲ. ಸೂಚ್ಯಂಕದ ಜೊತೆಗೇ ಆ ದಿನದ ಪ್ರಧಾನ ಮಾಲಿನ್ಯಕಾರಕದ ಹೆಸರನ್ನೂ ಮಂಡಳಿ ಪ್ರಕಟಿಸುತ್ತದೆ. ಅಂಕಕ್ಕಿಂತ ಮೊದಲು ನೋಡಬೇಕಾದ್ದು ಆ ಹೆಸರನ್ನು, ಆಮೇಲೆ ಪಿಎಂ2.5 ಎಷ್ಟು ಮೈಕ್ರೋಗ್ರಾಂ ಎಂಬುದನ್ನು.