ಬ್ರೇಕು ಕೂಗಿದರೆ ಎಣ್ಣೆ ಬಿಡಬೇಡಿ

ಚೆನ್ನೈನ ಸೈಕಲ್ ರಿಪೇರಿಯವರ ಬಾಯಲ್ಲಿ ಬ್ರೇಕ್ ರಬ್ಬರಿಗೆ ‘ಬ್ರೇಕ್ ಕಟ್ಟೈ’ ಎಂದು ಹೆಸರು. ಕಟ್ಟೈ ಎಂದರೆ ಮರದ ತುಂಡು. ತುಂಡು ರಬ್ಬರಾಗಿ ಎಷ್ಟೋ ಕಾಲವಾಯಿತು, ಹೆಸರಿನಲ್ಲಿ ಮಾತ್ರ ಮರ ಉಳಿದುಕೊಂಡಿದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಘಟ್ಟದ ಇಳಿಜಾರಿನ ಎತ್ತಿನಗಾಡಿ ನೆನಪಾಗುತ್ತದೆ. ಅಲ್ಲೂ ಚಕ್ರದ ಅಂಚಿಗೆ ಮರದ ತುಂಡನ್ನು ಒತ್ತಿಯೇ ವೇಗ ತಗ್ಗಿಸುತ್ತಿದ್ದರು. ಗೇರಿನ ಸೈಕಲ್ಲಾಗಲಿ, ಹಾಲಿನವರ ಕಪ್ಪು ಸೈಕಲ್ಲಾಗಲಿ, ರಿಮ್ಮಿಗೆ ಹಿಡಿಯುವ ಬ್ರೇಕು ಮಾಡುವುದು ಈಗಲೂ ಅದೇ ಕೆಲಸವನ್ನು.

ಮೈಲಾಪುರದ ನಮ್ಮ ಬೀದಿಯ ತಿರುವಿನಲ್ಲಿ ಒಂದು ರಿಪೇರಿ ಜಾಗವಿದೆ. ಗೋಡೆಯಿಲ್ಲ, ಬೋರ್ಡಿಲ್ಲ. ಬೇವಿನ ಮರದ ಕೊಂಬೆಗೆ ನೇತುಹಾಕಿದ ಹಳೆಯ ಟೈರು, ಪಂಚರ್ ನೋಡಲು ನೀರಿನ ಬಾಂಡಲಿ, ಗಾಳಿ ಪಂಪು, ಪಾನಾಗಳನ್ನು ತುಂಬಿದ ತಗಡಿನ ಪೆಟ್ಟಿಗೆ. ಹೋದ ವರ್ಷ ನನ್ನ ಸೈಕಲ್ಲಿನ ಮುಂದಿನ ಬ್ರೇಕು ಕಿರುಚತೊಡಗಿತು. ಸದ್ದು ಮಾಡುವ ಕಬ್ಬಿಣಕ್ಕೆ ಎಣ್ಣೆ ಬಿಡುವುದು ನಮ್ಮ ಮನೆಯ ರೂಢಿ. ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ. ಸದ್ದು ಹೋಯಿತು, ಅದರ ಜೊತೆಗೆ ಹಿಡಿತವೂ ಹೋಯಿತು. ಲಸ್ ಕಾರ್ನರಿನ ಸಿಗ್ನಲ್ಲಿನಲ್ಲಿ ಕಾಲನ್ನು ನೆಲಕ್ಕೆ ಉಜ್ಜಿ ಸೈಕಲ್ ನಿಲ್ಲಿಸಬೇಕಾಯಿತು.

ಬೇವಿನ ಮರದಡಿಯ ಹಿರಿಯರು ರಿಮ್ಮನ್ನು ಬೆರಳಲ್ಲಿ ಸವರಿ ಮೂಸಿ ನೋಡಿದರು. “ಎಣ್ಣೈ ಪೋಡಾದೀಂಗ ಸಾರ್” ಎಂದರು. ಸಿಟ್ಟಿರಲಿಲ್ಲ, ಆದರೆ ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವಾಗ ಇರುವ ಗಾಬರಿ ಆ ದನಿಯಲ್ಲಿತ್ತು. ಚೈನು ಕೂಗಿದರೆ ಎಣ್ಣೆ ಸರಿ, ಜಾರುವುದೇ ಅದರ ಕೆಲಸ. ಬ್ರೇಕಿನ ಕೆಲಸ ಜಾರದಂತೆ ಹಿಡಿಯುವುದು. ಎಣ್ಣೆ ಕುಡಿದ ರಬ್ಬರನ್ನು ಅವರು ಬಿಸಾಡಿಯೇಬಿಟ್ಟರು. ರಿಮ್ಮಿನ ಎರಡೂ ಬದಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ, ಬಟ್ಟೆ ಬೆಳ್ಳಗೆ ಹಿಂತಿರುಗುವವರೆಗೂ ಒರೆಸಿದರು. ಸೀಮೆಎಣ್ಣೆ ಬೇಡವೆಂದರು, ಅದು ಒಣಗಿದ ಮೇಲೂ ಜಿಡ್ಡಿನ ಪದರ ಬಿಡುತ್ತದೆ. ಸ್ಪಿರಿಟ್ ಇಲ್ಲದವರು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದರೂ ಸಾಕು.

ಕಿರುಚಾಟ ಹುಟ್ಟುವುದು ಹೇಗೆ ಎಂಬುದಕ್ಕೆ ಮೈಲಾಪುರದಲ್ಲೇ ಒಳ್ಳೆಯ ಉದಾಹರಣೆ ಇದೆ. ಮಾರ್ಗಳಿ ತಿಂಗಳ ಕಛೇರಿಗಳಲ್ಲಿ ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಬರುತ್ತದೆ, ಕಮಾನು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿ-ಬಿಡುವೇ ನಾದ. ರಬ್ಬರು ರಿಮ್ಮನ್ನು ಹಿಡಿದು ಜಾರಿ, ಮತ್ತೆ ಹಿಡಿದು ಜಾರಿದಾಗ ಬ್ರೇಕಿನ ತೋಳುಗಳೂ ಹಾಗೆಯೇ ಕಂಪಿಸುತ್ತವೆ. ತೋಳು ತೆಳುವಾಗಿದ್ದರೆ, ನಡುವಿನ ಬೋಲ್ಟು ಸಡಿಲವಾಗಿದ್ದರೆ ಕಂಪನ ಇನ್ನೂ ಹೆಚ್ಚು. ಆದ್ದರಿಂದ ಬಲ್ಲವರು ಮೊದಲು ಆ ಬೋಲ್ಟನ್ನು ಅಲ್ಲಾಡಿಸಿ ನೋಡುತ್ತಾರೆ. ನಂತರ ರಬ್ಬರನ್ನು ಬಿಚ್ಚಿ, ಬಿಸಿಲಿಗೆ ಗಟ್ಟಿಯಾಗಿ ಗಾಜಿನಂತೆ ಹೊಳೆಯುವ ಮೇಲ್ಮೈಯನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಾರೆ. ಅದರಲ್ಲಿ ಹೂತ ಮರಳಿನ ಕಣ, ಅಲ್ಯೂಮಿನಿಯಂ ಚೂರುಗಳನ್ನು ಸೂಜಿಯಿಂದ ಕೀಳುತ್ತಾರೆ. ರಿಮ್ಮನ್ನು ಕೆರೆದು ತಿನ್ನುವುದು ಈ ಚೂರುಗಳೇ.

ಇದೆಲ್ಲದರಲ್ಲಿ ನಿಜವಾದ ಕೈಚಳಕ ಇರುವುದು ರಬ್ಬರನ್ನು ಮತ್ತೆ ಕೂರಿಸುವಾಗ. ಸೈಕಲ್ ಮುಂದೆ ಸಾಗುವಾಗ ರಬ್ಬರಿನ ಮುಂದಿನ ತುದಿ ಮೊದಲು ರಿಮ್ಮಿಗೆ ತಾಗಬೇಕು, ಹಿಂದಿನ ತುದಿಯಲ್ಲಿ ಸುಮಾರು 1 ಮಿಲಿಮೀಟರ್ ಸಂದು ಉಳಿಯಬೇಕು. ಈ ಹಿರಿಯರು ಹಿಂದಿನ ತುದಿಯಡಿ ಮಡಿಸಿದ ಮದುವೆ ಕಾಗದದ ತುಂಡು ಇಟ್ಟು, ಲಿವರ್ ಒತ್ತಿ ಹಿಡಿದು ನಟ್ಟು ಬಿಗಿಯುತ್ತಾರೆ, ಆಮೇಲೆ ಕಾಗದ ಎಳೆದುಬಿಡುತ್ತಾರೆ. ಆ ಓರೆ ಸಾಕು, ಕಂಪನ ನೆಲೆ ಕಳೆದುಕೊಳ್ಳುತ್ತದೆ. ರಬ್ಬರು ಮೇಲಕ್ಕೆ ಹೋದರೆ ಟೈರನ್ನು ಕೊಯ್ಯುತ್ತದೆ. ಕೆಳಕ್ಕೆ ಇಳಿದರೆ ಒಂದು ದಿನ ರಿಮ್ಮಿನಿಂದ ಜಾರಿ ಕಡ್ಡಿಗಳ ನಡುವೆ ಸಿಕ್ಕಬಹುದು. ಕಾಗದ ಇಡುವ ಮೊದಲು ಗಾಲಿ ತಿರುಗಿಸಿ ನೋಡುವುದನ್ನು ಅವರು ಮರೆಯುವುದಿಲ್ಲ. ನಾವು ಬೆಂಡ್ ಎನ್ನುವುದನ್ನು ಇಲ್ಲಿ ‘ಕೋಟ್ಟಂ’ ಎನ್ನುತ್ತಾರೆ. ಕೋಟ್ಟಂ ತೆಗೆಯದ ಗಾಲಿಗೆ ಬ್ರೇಕು ಎಷ್ಟು ಬಿಗಿದರೂ ವ್ಯರ್ಥ.

ಸದ್ದಿಲ್ಲದೆ ಬಲಹೀನವಾಗಿರುವ ಬ್ರೇಕಿನ ಕಾಯಿಲೆ ಹೆಚ್ಚಾಗಿ ವೈರಿನಲ್ಲಿರುತ್ತದೆ. ಕೊಳವೆಯೊಳಗೆ ತಂತಿ ಓಡುವ ಈ ಏರ್ಪಾಡಿಗೆ ಬೌಡನ್ ಕೇಬಲ್ ಎಂದು ಹೆಸರು, ಅರ್ನೆಸ್ಟ್ ಬೌಡನ್ 1896ರಲ್ಲಿ ಅದರ ಪೇಟೆಂಟ್ ಪಡೆದರು. ಚೆನ್ನೈನ ಕಡಲ ಗಾಳಿಗೆ ಆ ತಂತಿಯ ಎಳೆಗಳು ಒಳಗೊಳಗೇ ತುಕ್ಕು ಹಿಡಿಯುತ್ತವೆ. ಬೆರಳಿನ ಬಲವೆಲ್ಲ ಕೊಳವೆಯಲ್ಲೇ ಸವೆದು, ರಬ್ಬರಿಗೆ ತಲುಪುವುದು ಅದರಲ್ಲಿ ಒಂದು ಪಾಲು. ವೈರನ್ನು ಬ್ರೇಕಿನ ತುದಿಯಲ್ಲಿ ಬಿಚ್ಚಿ ಕೈಯಿಂದ ಎಳೆದು ನೋಡಿ. ಒರಟಾಗಿ ಬಂದರೆ ಒಳತಂತಿ, ಹೊರಕೊಳವೆ ಎರಡನ್ನೂ ಬದಲಿಸಿ. ಒಳತಂತಿ ಮಾತ್ರ ಹೊಸತು ಹಾಕಿಸಿಕೊಂಡು ದುಡ್ಡು ಉಳಿಯಿತೆಂದು ಹೋಗುವವರು ಎರಡೇ ತಿಂಗಳಲ್ಲಿ ಹಿಂತಿರುಗುತ್ತಾರೆ. ಕೊಳವೆಯನ್ನು ಕತ್ತರಿಸಿದ ತುದಿ ಒಳಕ್ಕೆ ಮಡಚಿದ್ದರೆ ಅದನ್ನು ಅರದಿಂದ ಉಜ್ಜಿ ಸಪಾಟು ಮಾಡಿಸಬೇಕು, ಇದನ್ನು ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ಇನ್ನೊಂದು ಮಾತು: 1990ರ ದಶಕದ ನಡುವೆ ಬಂದ ವಿ-ಬ್ರೇಕಿಗೆ ಉದ್ದನೆಯ ತೋಳು, ಅದಕ್ಕೆ ವೈರು ಹೆಚ್ಚು ಎಳೆಯುವ ಲಿವರೇ ಬೇಕು. ಹಳೆಯ ಕ್ಯಾಲಿಪರ್ ಬ್ರೇಕಿನ ಲಿವರ್ ಹಾಕಿದರೆ ಅದು ಹ್ಯಾಂಡಲಿಗೆ ತಾಗುವವರೆಗೂ ಬರುತ್ತದೆ, ಹಿಡಿತ ಮಾತ್ರ ಸಾಲದು.

ವೈರೇ ಇಲ್ಲದ ಬ್ರೇಕೂ ಈ ಊರಿನಲ್ಲಿ ಇನ್ನೂ ಓಡುತ್ತಿದೆ. ಕಪ್ಪು ರೋಡ್‌ಸ್ಟರ್‌ಗಳಲ್ಲಿ ಹ್ಯಾಂಡಲಿನಿಂದ ಕಂಬಿಗಳು ಇಳಿದು, ರಬ್ಬರನ್ನು ರಿಮ್ಮಿನ ಬದಿಗಲ್ಲ, ಒಳಮೈಗೆ ಮೇಲಕ್ಕೆಳೆಯುತ್ತವೆ. ಗಾಲಿ ತುಸು ಅತ್ತಿತ್ತ ಓಲಾಡಿದರೂ ಆ ಬ್ರೇಕು ಲೆಕ್ಕಿಸುವುದಿಲ್ಲ. ಕಂಬಿಯ ಕೀಲುಗಳು ಸಡಿಲವಾಗದಂತೆ ನೋಡಿಕೊಂಡರೆ ಸಾಕು. ಸೈಕಲ್ ಚೆನ್ನೈಗೆ ಹೊರಗಿನಿಂದ ಬಂದ ಸರಕಷ್ಟೇ ಅಲ್ಲ. 1949ರಲ್ಲಿ ಮುರುಗಪ್ಪ ಕುಟುಂಬ ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿ.ಐ. ಸೈಕಲ್ಸ್ ಕಟ್ಟಿತು. ಹರ್ಕ್ಯುಲಿಸ್, ಬಿ.ಎಸ್.ಎ., ಫಿಲಿಪ್ಸ್ ಹೆಸರಿನ ಸೈಕಲ್ಲುಗಳು ಅಂಬತ್ತೂರಿನಿಂದ ಹೊರಟು ನಮ್ಮ ಹಳ್ಳಿಗಳ ಜಗಲಿಗೂ ಬಂದು ನಿಂತವು. ಬಿಡಿಭಾಗ ಬೇಕಾದಾಗ ಬೇವಿನ ಮರದಡಿಯ ಹಿರಿಯರು ಪ್ಯಾರಿಸ್ ಕಾರ್ನರ್ ಕಡೆಯ ರತ್ತನ್ ಬಜಾರಿಗೆ ಹೋಗುತ್ತಾರೆ. ಒಂದೊಂದು ಕಟ್ಟೈಯನ್ನೂ ಉಗುರಿನಿಂದ ಒತ್ತಿ ಮೆದುವಾಗಿದೆಯೇ ಎಂದು ನೋಡಿಯೇ ಆರಿಸುತ್ತಾರೆ.

ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ಆ ಸೈಕಲ್ಲುಗಳು ಎಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಮುಟ್ಟಿಸಿವೆ. ಮಕ್ಕಳ ಕೈಗೆ ಯಾರೇ ಸೈಕಲ್ ಕೊಡಲಿ, ಆ ದಿನವೇ ಬ್ರೇಕು ಹೊಂದಿಸುವುದನ್ನೂ ಅರ್ಧ ಗಂಟೆ ಹೇಳಿಕೊಡಬೇಕು ಎಂಬುದು ನನ್ನ ಆಸೆ. ಅದಕ್ಕೆ ಬೇಕಾದದ್ದು ಒಂದು ಹತ್ತರ ಪಾನಾ, ಒಂದು ತುಂಡು ಉಪ್ಪುಕಾಗದ, ಒಂದು ಮಡಿಸಿದ ರಟ್ಟು. ಮುಂದಿನ ಬ್ರೇಕು ಹಾಕಿದರೆ ತಲೆಕೆಳಗಾಗಿ ಬೀಳುತ್ತೇವೆ ಎಂಬ ಭಯವನ್ನೂ ಆಗಲೇ ಬಿಡಿಸಬಹುದು. ವೇಗ ತಗ್ಗುವಾಗ ನಮ್ಮ ಭಾರವೆಲ್ಲ ಮುಂದಿನ ಗಾಲಿಗೆ ಬರುತ್ತದೆ, ಹಿಂದಿನ ಗಾಲಿ ಹಗುರಾಗಿ ಜಾರುತ್ತದೆ. ನಿಲ್ಲಿಸುವ ಹೊಣೆ ಹೆಚ್ಚಾಗಿ ಮುಂದಿನದ್ದೇ. ಮೈಯನ್ನು ತುಸು ಹಿಂದಕ್ಕೆ ಸರಿಸಿ, ಲಿವರನ್ನು ಜಗ್ಗದೆ ಮೆಲ್ಲಗೆ ಬಿಗಿ ಮಾಡಬೇಕು.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚೆನ್ನೈನಲ್ಲಿ ಹಿಂಗಾರು ಸುರಿಯುತ್ತದೆ. ಕ್ರೋಮ್ ಬಳಿದ ಉಕ್ಕಿನ ರಿಮ್ಮು ನೀರು ಕಂಡರೆ ಹಿಡಿತವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಯಾವ ಹೊಂದಾಣಿಕೆಯೂ ಅದನ್ನು ಪೂರ್ತಿ ಗುಣಪಡಿಸದು. ದಿನವೂ ಮಳೆಯಲ್ಲಿ ಓಡಾಡುವವರು ಅಲ್ಯೂಮಿನಿಯಂ ರಿಮ್ಮಿಗೆ ಬದಲಿಸುವುದೇ ಮೇಲು. ಅದಕ್ಕೂ ಆಯಸ್ಸಿದೆ: ಬದಿಯ ಗೋಡೆ ಸವೆದು ಒಳಕ್ಕೆ ಬಾಗಿದ್ದರೆ, ಗಾಳಿಯ ಒತ್ತಡಕ್ಕೆ ಅದು ಸೀಳಬಹುದು.

ಮೊನ್ನೆ ಮಳೆ ಹನಿಯುತ್ತಿದ್ದಾಗ ಸೈಕಲ್ ತರಲು ಹೋದೆ. ಹಿರಿಯರು ಮುಂದಿನ ಗಾಲಿಯನ್ನು ಎತ್ತಿ ತಿರುಗಿಸಿ, ಕಿವಿಯನ್ನು ಹತ್ತಿರ ತಂದು, ಲಿವರನ್ನು ಎರಡು ಬೆರಳಲ್ಲಿ ಒತ್ತಿದರು. ಸದ್ದಿಲ್ಲದೆ ನಿಂತಿತು. ಆದರೂ ಕೈಗೆ ಕೊಡುವಾಗ ಹೇಳಿದರು: ಸಿಗ್ನಲ್ ದೂರದಲ್ಲಿರುವಾಗಲೇ ಬ್ರೇಕನ್ನು ಹಗುರಾಗಿ ತಾಗಿಸಿ, ಒಂದೆರಡು ಸುತ್ತಿನಲ್ಲಿ ಕಟ್ಟೈ ನೀರನ್ನು ಒರೆಸಿಕೊಳ್ಳುತ್ತದೆ, ಆಮೇಲೆ ಒತ್ತಿ. ಕಚೇರಿ ರಸ್ತೆಯಲ್ಲಿ ಹಾಗೆಯೇ ಮಾಡುತ್ತ ಹೋದೆ. ಮೊದಲ ಸುತ್ತಿಗೆ ಗಾಲಿ ಜಾರಿತು, ಎರಡನೆಯದಕ್ಕೆ ಹಿಡಿಯಿತು.